ದಿನಾ ಒಂದು ಆಸ್ಪಿರಿನ್ ತಗೊಂಡರೆ ಕ್ಯಾನ್ಸರ್ ಬರಲ್ಲ ಅಂತ ತಮ್ಮ ಶುರು ಮಾಡಿದ್ದಾನೆ. ಇದು ನಿಜಾನಾ?

ತುಂಗೆಯ ದಡ | ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ವಯಸ್ಸು 38. ನಮ್ಮ ಅಪ್ಪನಿಗೆ 46ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯ್ತು, ಕೀಮೋ ಆಯ್ತು. ದೇವರ ದಯೆ, ಈಗ 63, ತೋಟ ಸುತ್ತಿಕೊಂಡು ಆರಾಮಾಗಿದ್ದಾರೆ.

ಈಗಿನ ಚಿಂತೆ ತಮ್ಮನದು. ಅವನಿಗೆ 31, ಬೆಂಗಳೂರಿನಲ್ಲಿದ್ದಾನೆ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತಂತೆ. ಕ್ಯಾನ್ಸರ್‌ಗೆ ಮೂಲ ಉರಿಯೂತ (ಮೈಯೊಳಗೆ ಒಂದು ಜಾಗ ಕೆರಳಿ ಊದಿಕೊಳ್ಳೋದು), ದಿನಾ ಒಂದು ಆಸ್ಪಿರಿನ್ ತಗೊಂಡರೆ ಉರಿಯೂತವೂ ಇಲ್ಲ, ಕ್ಯಾನ್ಸರೂ ಇಲ್ಲ ಅಂತ. ಅಪ್ಪನ ಕಾಯಿಲೆ ತನಗೂ ಬರುತ್ತೆ ಅನ್ನೋ ಭಯ ಅವನಿಗೆ ಚಿಕ್ಕಂದಿನಿಂದ ಇದೆ. ಮೂರು ತಿಂಗಳಿಂದ ದಿನಾ 325 ಮಿಲಿಗ್ರಾಂ ಮಾತ್ರೆ ನುಂಗುತ್ತಿದ್ದಾನೆ. ಯಾವ ಡಾಕ್ಟರನ್ನೂ ಕೇಳಿಲ್ಲ. ನನಗೂ ತಗೋ ಅಂತಾನೆ. ಅಮ್ಮ ಮಂಡಿನೋವಿಗೆ ವರ್ಷಗಳಿಂದ ನೋವಿನ ಮಾತ್ರೆ ತಗೊಳ್ತಾರೆ. "ನೋಡು, ಅದಕ್ಕೇ ಅಮ್ಮನಿಗೆ ಏನೂ ಆಗಿಲ್ಲ" ಅನ್ನೋದು ಅವನ ವಾದ.

ಉರಿಯೂತಕ್ಕೂ ಕ್ಯಾನ್ಸರ್‌ಗೂ ನಿಜವಾಗಿ ಸಂಬಂಧ ಇದೆಯಾ? ಮಾತ್ರೆಯಿಂದ ತಡೆಯೋಕೆ ಆಗುತ್ತಾ? ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಔಷಧಿ ಅಂಗಡಿ | ಸೋಮವಾರ ರಾತ್ರಿ

ಅಕ್ಕಾರ, ಉಳಿದ ಮಾತು ಆಮೇಲೆ. ಮೊದಲು ತಮ್ಮನಿಗೆ ಫೋನ್ ಹಚ್ಚಿ ಎರಡು ಪ್ರಶ್ನೆ ಕೇಳಿ. ಹೊಟ್ಟೆಯಲ್ಲಿ ಉರಿ, ನೋವು ಇದೆಯಾ? ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿದೆಯಾ?

ನಾನು 2002ರಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ನೋವಿನ ಮಾತ್ರೆ ಅಂದರೆ ಎಲ್ಲವೂ ಒಂದೇ ಅಂತ ಜನ ತಿಳಿದಿದ್ದಾರೆ. ಪ್ಯಾರಾಸಿಟಮಾಲ್ ಜ್ವರ, ನೋವು ಇಳಿಸುತ್ತದೆ, ಆದರೆ ಉರಿಯೂತದ ಮೇಲೆ ಅದರ ಕೆಲಸ ಬಹಳ ಕಡಿಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನಪ್ರಾಕ್ಸೆನ್ ಇವು ಉರಿಯೂತ ಇಳಿಸುವ ಮಾತ್ರೆಗಳು. ಆಸ್ಪಿರಿನ್ ಕೂಡ ಅದೇ ಮನೆತನದ್ದು. ಹೃದಯದವರಿಗೆ ಕೊಡುವ 75 ಮಿಲಿಗ್ರಾಂ ಆಸ್ಪಿರಿನ್ ಮುಖ್ಯವಾಗಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ. ಇವೆಲ್ಲ ಹೊಟ್ಟೆಯ ಒಳಪದರವನ್ನು ಕಾಯುವ ಲೋಳೆಯನ್ನು ಕಡಿಮೆ ಮಾಡುತ್ತವೆ. ಅಲ್ಲಿಂದ ಹುಣ್ಣು, ಹುಣ್ಣಿನಿಂದ ರಕ್ತ.

ಅಮ್ಮನ ವಿಷಯ ಇನ್ನೂ ಮುಖ್ಯ. ಅವರು ಬಿಪಿ ಮಾತ್ರೆ ತಗೊಳ್ತಾರಾ? ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಅದರ ಮೇಲೆ ದಿನಾ ಡೈಕ್ಲೊಫೆನಾಕ್, ಈ ಮೂರೂ ಸೇರಿದರೆ ಕಿಡ್ನಿಗೆ ಭಾರಿ ಹೊಡೆತ. ನಮ್ಮ ಓಣಿಯಲ್ಲೇ ಹೀಗೆ ಡಯಾಲಿಸಿಸ್‌ಗೆ ಹೋದವರನ್ನು ನೋಡಿದ್ದೇನೆ. ಒಂದು ಸಲ ಕ್ರಿಯೇಟಿನಿನ್ ನೋಡಿಸಿ, ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ ಅದು.

ಮೆಲ್ಬರ್ನ್ ಕನ್ನಡಿಗ | ಮಂಗಳವಾರ ಬೆಳಿಗ್ಗೆ

ಸಂಬಂಧ ಇದೆ ಅನ್ನೋದು ಹೊಸ ಮಾತಲ್ಲ. ಜರ್ಮನಿಯ ರುಡಾಲ್ಫ್ ವಿರ್ಕೊ 1863ರಲ್ಲೇ ಗಡ್ಡೆಗಳ ಒಳಗೆ ಬಿಳಿ ರಕ್ತಕಣಗಳು ತುಂಬಿರುವುದನ್ನು ನೋಡಿ, ಬಹಳ ದಿನ ಕೆರಳಿದ ಜಾಗದಲ್ಲೇ ಕ್ಯಾನ್ಸರ್ ಹುಟ್ಟುತ್ತದೆ ಅಂದಿದ್ದರು. ನಾನಿರುವ ಮೆಲ್ಬರ್ನ್‌ನಲ್ಲಿ ಗೇಬ್ರಿಯಲ್ ಕೂನೆ ಮತ್ತು ಜೊತೆಯವರು ಕರುಳಿನ ಕ್ಯಾನ್ಸರ್ ಆದವರನ್ನೂ ಆಗದವರನ್ನೂ ಕೂರಿಸಿಕೊಂಡು ಯಾವ ಯಾವ ಔಷಧಿ ತಗೊಂಡಿದ್ದೀರಿ ಅಂತ ಕೇಳಿದರು. ಆಸ್ಪಿರಿನ್ ತಗೊಳ್ಳುತ್ತಿದ್ದವರಲ್ಲಿ ಈ ಕ್ಯಾನ್ಸರ್ ಸುಮಾರು ಶೇ 40ರಷ್ಟು ಕಡಿಮೆ ಕಂಡಿತು. 1988ರ ಮಾತು ಅದು. ನಿಮ್ಮ ತಮ್ಮನಿಗೆ ಬಂದ ಮೆಸೇಜಿನ ಬೇರು ಇಂಥ ಅಧ್ಯಯನಗಳಲ್ಲೇ ಇದೆ.

ಆದರೆ ಅದೇ ಊರಿನಿಂದ 2018ರಲ್ಲಿ ಇನ್ನೊಂದು ಸುದ್ದಿ ಬಂತು. ಆಸ್ಪ್ರೀ ಅನ್ನುವ ದೊಡ್ಡ ಪ್ರಯೋಗ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರು, ಹೆಚ್ಚಿನವರು 70 ದಾಟಿದವರು, ಎಲ್ಲರೂ ಆರೋಗ್ಯವಾಗಿದ್ದವರು. ಅರ್ಧ ಜನರಿಗೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಇನ್ನರ್ಧ ಜನರಿಗೆ ಅದೇ ಥರ ಕಾಣುವ ಖಾಲಿ ಮಾತ್ರೆ. ಸುಮಾರು ಐದು ವರ್ಷ ನೋಡಿದರು. ಆಯಸ್ಸಿನಲ್ಲಾಗಲೀ ಆರೋಗ್ಯದಲ್ಲಾಗಲೀ ಲಾಭ ಕಾಣಲಿಲ್ಲ. ರಕ್ತಸ್ರಾವ ಜಾಸ್ತಿಯಾಯಿತು. ಕ್ಯಾನ್ಸರಿನಿಂದ ಸತ್ತವರು ಆಸ್ಪಿರಿನ್ ಗುಂಪಿನಲ್ಲಿ ಶೇ 3.1, ಖಾಲಿ ಮಾತ್ರೆ ಗುಂಪಿನಲ್ಲಿ ಶೇ 2.3. ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ಈ ಭಾಗವನ್ನು ವಾಟ್ಸಾಪ್‌ನಲ್ಲಿ ಯಾರೂ ಕಳಿಸಲ್ಲ.

ತುಂಗೆಯ ದಡ | ಮಂಗಳವಾರ ಬೆಳಿಗ್ಗೆ

ಹುಬ್ಬಳ್ಳಿ ಅಣ್ಣಾ, ಈಗಷ್ಟೇ ಮಾತಾಡಿದೆ. ನಾಲ್ಕು ದಿನದಿಂದ ಕಪ್ಪಗೆ ಹೋಗ್ತಿದೆಯಂತೆ. ಮೆಟ್ಟಿಲು ಹತ್ತಿದರೆ ಏದುಸಿರು. ಬಸಳೆ ಸೊಪ್ಪು ತಿಂದಿದ್ದಕ್ಕೆ ಇರಬೇಕು ಅಂತ ಸುಮ್ನಿದ್ದ. ಕೈ ನಡುಗ್ತಿದೆ ನನಗೆ.

ಕರುಳಿನ ಡಾಕ್ಟರ್ | ಮಂಗಳವಾರ ಬೆಳಿಗ್ಗೆ

ಅಮ್ಮಾ, ನಾನು ಬೆಂಗಳೂರಿನಲ್ಲಿ ಜೀರ್ಣಾಂಗದ ವೈದ್ಯ. ಇದನ್ನು ಓದಿದ ತಕ್ಷಣ ತಮ್ಮನನ್ನು ಆಸ್ಪತ್ರೆಗೆ ಕಳಿಸಿ. ನಾಳೆ ಅಲ್ಲ, ಈಗಲೇ. ಅವರೇ ಗಾಡಿ ಓಡಿಸಿಕೊಂಡು ಹೋಗುವುದು ಬೇಡ. ಮಾತ್ರೆ ಈ ಕ್ಷಣದಿಂದ ನಿಲ್ಲಲಿ. ಕಪ್ಪು ಮಲ, ಏದುಸಿರು ಅಂದರೆ ಒಳಗೆ ರಕ್ತ ಹೋಗುತ್ತಿದೆ ಅಂತಲೇ ತಿಳಿಯಬೇಕು. ಉಳಿದಿದ್ದನ್ನು ಆಮೇಲೆ ಬರೆಯುತ್ತೇನೆ.

ತುಂಗೆಯ ದಡ | ಮಂಗಳವಾರ ರಾತ್ರಿ

ದಾಖಲಾಗಿದ್ದಾನೆ. ಹಿಮೋಗ್ಲೋಬಿನ್ 8.4 ಇತ್ತು. ಎಂಡೋಸ್ಕೋಪಿಯಲ್ಲಿ ಹೊಟ್ಟೆಯಲ್ಲಿ ಹುಣ್ಣು ಕಂಡಿತು, ರಕ್ತ ನಿಲ್ಲಿಸಿದ್ದಾರೆ. ಸಣ್ಣ ಚೂರು ತೆಗೆದು ಏನೋ ಬ್ಯಾಕ್ಟೀರಿಯಾ ಪರೀಕ್ಷೆಗೆ ಕಳಿಸಿದ್ದಾರೆ. ನಾನು ರಾತ್ರಿ ಬಸ್ಸಿಗೆ ಹೊರಟಿದ್ದೇನೆ. ನಿಮ್ಮಿಬ್ಬರಿಗೂ ಹೇಗೆ ಋಣ ತೀರಿಸಲಿ ಗೊತ್ತಿಲ್ಲ.

ಕರುಳಿನ ಡಾಕ್ಟರ್ | ಬುಧವಾರ

ಒಳ್ಳೆಯದಾಯಿತು. ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ. ನಮ್ಮ ದೇಶದಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಇರುತ್ತದೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ, ಅದಕ್ಕೆ ಇಲ್ಲಿಂದಲೇ ಶುರು ಮಾಡುತ್ತೇನೆ.

ಈ ಬ್ಯಾಕ್ಟೀರಿಯಾ ಹೊಟ್ಟೆಯ ಗೋಡೆಯನ್ನು ವರ್ಷಗಟ್ಟಲೆ ಕೆರಳಿಸುತ್ತದೆ. ದೇಹ ಅದರ ಮೇಲೆ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಅವು ಬಿಡುವ ಕಟು ರಾಸಾಯನಿಕಗಳು ಬ್ಯಾಕ್ಟೀರಿಯಾವನ್ನು ಮಾತ್ರ ಅಲ್ಲ, ನಮ್ಮದೇ ಜೀವಕೋಶದ ಡಿಎನ್‌ಎಯನ್ನೂ ಸುಡುತ್ತವೆ. ಹಾಳಾದ ಜಾಗ ತುಂಬಲು ಪಕ್ಕದ ಕೋಶಗಳು ಅವಸರದಲ್ಲಿ ಒಡೆದು ಎರಡಾಗುತ್ತವೆ. ಡಿಎನ್‌ಎಗೆ ಪೆಟ್ಟು ಬಿದ್ದಿರುವಾಗಲೇ ಕೋಶ ಎರಡಾದರೆ ತಪ್ಪು ಹಾಗೇ ಹೊಸ ಕೋಶಗಳಿಗೂ ಇಳಿಯುತ್ತದೆ. ಒಂದು ಗಾಯ ವಾರದಲ್ಲಿ ಮಾಗಿದರೆ ಇದರಿಂದ ತೊಂದರೆ ಇಲ್ಲ. ಇಪ್ಪತ್ತು ವರ್ಷ ಮಾಗದೇ ಉಳಿದರೆ ತೊಂದರೆ. ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಅವರಿಗೆ 2005ರ ನೊಬೆಲ್ ಬಂದಿದ್ದು ಈ ಬ್ಯಾಕ್ಟೀರಿಯಾವನ್ನೂ ಅದು ತರುವ ಉರಿಯೂತ, ಹುಣ್ಣನ್ನೂ ಕಂಡುಹಿಡಿದದ್ದಕ್ಕೆ. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್ ತರುವ ಜೀವಿ ಅಂತ ಪಟ್ಟಿಗೆ ಸೇರಿಸಿತು.

ಈಗ ಯೋಚನೆ ಮಾಡಿ. ಈ ಉರಿಯೂತಕ್ಕೆ ಮದ್ದು ನೋವಿನ ಮಾತ್ರೆಯಾ? ಅಲ್ಲ. ಎರಡು ವಾರದ ಆಂಟಿಬಯೋಟಿಕ್. ಹೆಪಟೈಟಿಸ್ ಬಿ ವೈರಸ್ ತರುವ ಲಿವರ್ ಉರಿಯೂತ ಬಾರದ ಹಾಗೆ ತಡೆಯಲು ಲಸಿಕೆ. ತೈವಾನ್‌ನಲ್ಲಿ 1984ರಿಂದ ನವಜಾತ ಶಿಶುಗಳಿಗೆ ಈ ಲಸಿಕೆ ಶುರು ಮಾಡಿದರು, ಆಮೇಲೆ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ಒಲೆ ಆರಿಸದೆ ಹೊಗೆಯನ್ನಷ್ಟೇ ಬೀಸಿ ಓಡಿಸಿದರೆ ಏನು ಬಂತು?

ಇನ್ನೊಂದು ಕೇಳಬೇಕು. ಅಪ್ಪನಿಗೆ 46ಕ್ಕೇ ಬಂತು ಅಂದಿರಿ. ಅಪ್ಪನ ಕಡೆ ಇನ್ನು ಯಾರಿಗಾದರೂ ಯಾವುದಾದರೂ ಕ್ಯಾನ್ಸರ್ ಆಗಿತ್ತಾ? ಹೆಂಗಸರನ್ನೂ ಸೇರಿಸಿ ಹೇಳಿ.

ಅರಿಶಿನ ಬೆಳೆಗಾರ | ಬುಧವಾರ

ನಾನು ಚಾಮರಾಜನಗರ ಕಡೆಯವನು. ಮಾತ್ರೆ ಬೇಡ ಅಂದರೆ ಅರಿಶಿನ ಸಾಕಲ್ವಾ ಡಾಕ್ಟ್ರೇ? ಅದೂ ಉರಿಯೂತ ಇಳಿಸುತ್ತದೆ ಅಂತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಕ್ಯಾಪ್ಸೂಲ್ ತಗೊಳ್ಳೋಕೆ ಶುರು ಮಾಡಿದ್ದಾರೆ.

ಕರುಳಿನ ಡಾಕ್ಟರ್ | ಬುಧವಾರ

ಸಾರು, ಪಲ್ಯದ ಅರಿಶಿನ ಖಂಡಿತ ತಿನ್ನಿ. ಅದರಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಉರಿಯೂತ ಇಳಿಸುವುದು ನಿಜ. ಆದರೆ ತಿಂದದ್ದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದಕ್ಕೇ ಕ್ಯಾಪ್ಸೂಲಿನಲ್ಲಿ ಮೆಣಸಿನ ಸತ್ವ ಸೇರಿಸುತ್ತಾರೆ. ಹಾಗೆ ಸಾಂದ್ರ ಮಾಡಿದ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ತಕ್ಷಣ ನಿಲ್ಲಿಸಿ ತೋರಿಸಿ.

ಪುತ್ತೂರು ಹಲ್ಲಿನ ಡಾಕ್ಟರ್ | ಬುಧವಾರ ರಾತ್ರಿ

ನಮ್ಮ ಕಡೆಯ ಉರಿಯೂತದ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧಕ್ಕೇ ನಿಲ್ಲುತ್ತದೆ. ನಾವು ಅಡಿಕೆ ಬೆಳೆಯುವ ಮನೆಯವರೇ, ನನ್ನ ಓದು ನಡೆದದ್ದು ಅಡಿಕೆ ದುಡ್ಡಿನಲ್ಲೇ. ಆದರೂ ಹೇಳಲೇಬೇಕು. ಅಡಿಕೆ ಜಗಿದು ಕೆನ್ನೆಯ ಒಳಗೆ ಇಟ್ಟುಕೊಂಡರೆ ಆ ಜಾಗ ದಿನಾ ಕೆರಳುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆ ಒಳಗೆ ಬಿಳಿಚಿಕೊಂಡು ನಾರು ಕಟ್ಟುತ್ತದೆ. ಬಾಯಿ ಮೂರು ಬೆರಳು ಹಿಡಿಯುವಷ್ಟು ತೆರೆಯುತ್ತಿದ್ದದ್ದು ಎರಡಕ್ಕೆ, ಒಂದಕ್ಕೆ ಬರುತ್ತದೆ. ಇಂಥ ಬಾಯಿಯಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯ ಬಹಳ. ಹೊಗೆಸೊಪ್ಪು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ಅದೇ ಸಂಶೋಧನಾ ಸಂಸ್ಥೆ ಹೇಳಿ 20 ವರ್ಷ ದಾಟಿತು.

ನನ್ನ ಬಳಿ ಬರುವ ಹುಡುಗರು ಬಾಯಿ ಉರಿಗೆ ನೋವಿನ ಮಾತ್ರೆ ನುಂಗುತ್ತಾರೆ, ಅಡಿಕೆ ಬಿಡುವುದಿಲ್ಲ. 24 ವರ್ಷದ ಹುಡುಗನ ಬಾಯಿಗೆ ಚಮಚ ಹೋಗದಿದ್ದಾಗ ಅವನ ಅಮ್ಮ ನನ್ನ ಎದುರು ಅತ್ತಿದ್ದು ಮರೆಯಲಾಗುತ್ತಿಲ್ಲ. ದಯವಿಟ್ಟು ಕನ್ನಡಿ ಮುಂದೆ ನಿಂತು ಮೂರು ಬೆರಳು ಇಟ್ಟು ನೋಡಿಕೊಳ್ಳಿ.

ತುಂಗೆಯ ದಡ | ಗುರುವಾರ

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ತಮ್ಮ ಆರಾಮ. ಬ್ಯಾಕ್ಟೀರಿಯಾ ಇದೆ ಅಂತ ಬಂತು.

ಡಾಕ್ಟ್ರೇ, ನೀವು ಕೇಳಿದ ಮೇಲೆ ಅಪ್ಪನ ಹತ್ತಿರ ಮಾತಾಡಿದೆ. ಅಜ್ಜ ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋದರು ಅಂತ ಮಾತ್ರ ನನಗೆ ಗೊತ್ತಿತ್ತು. ಅದು ಕರುಳಿನದ್ದು, ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದರಂತೆ, ಆಗ ಅಜ್ಜನಿಗೆ 58. ಅಪ್ಪನ ತಂಗಿಗೆ, ನಮ್ಮ ಅತ್ತೆಗೆ, 49ಕ್ಕೆ ಗರ್ಭಕೋಶದ ಕ್ಯಾನ್ಸರ್. ಎರಡು ವರ್ಷದ ಹಿಂದೆ ತೀರಿಕೊಂಡರು. ಗರ್ಭಕೋಶಕ್ಕೂ ಕರುಳಿಗೂ ಏನು ಸಂಬಂಧ ಅಂತ ನಾವು ಯಾರೂ ಯೋಚನೆ ಮಾಡಲಿಲ್ಲ. ಅಪ್ಪನ ಆಪರೇಷನ್ ಆದ ಆಸ್ಪತ್ರೆಯಲ್ಲೂ ಯಾರೂ ಮನೆಯವರ ಬಗ್ಗೆ ಕೇಳಲಿಲ್ಲ.

ಕರುಳಿನ ಡಾಕ್ಟರ್ | ಗುರುವಾರ

ಇದನ್ನು ನಿಧಾನವಾಗಿ ಓದಿ. ಹೆದರಿಸಲು ಬರೆಯುತ್ತಿಲ್ಲ.

ಅಮೆರಿಕದ ಮಿಷಿಗನ್‌ನಲ್ಲಿ 1895ರಲ್ಲಿ ಒಬ್ಬ ಬಟ್ಟೆ ಹೊಲಿಯುವ ಹೆಣ್ಣುಮಗಳು ಆಲ್ಡ್ರೆಡ್ ವಾರ್ಥಿನ್ ಅನ್ನುವ ವೈದ್ಯರಿಗೆ ಹೇಳಿದಳು: ನಮ್ಮ ಮನೆಯಲ್ಲಿ ಎಲ್ಲರೂ ಕರುಳಿನದೋ ಗರ್ಭಕೋಶದ್ದೋ ಕ್ಯಾನ್ಸರ್ ಆಗಿ ಸಾಯುತ್ತಾರೆ, ನಾನೂ ಹಾಗೇ ಸಾಯುತ್ತೇನೆ. ಅವಳ ಮಾತೇ ನಿಜವಾಯಿತು, ಗರ್ಭಕೋಶದ ಕ್ಯಾನ್ಸರಿನಲ್ಲೇ ಹೋದಳು. ವಾರ್ಥಿನ್ ಅವಳ ವಂಶದ ಲೆಕ್ಕ ಬರೆದಿಟ್ಟರು. ಹಲವು ದಶಕ ಕಳೆದ ಮೇಲೆ ಹೆನ್ರಿ ಲಿಂಚ್ ಅದನ್ನು ಮುಂದುವರಿಸಿದರು. ಇಂದು ಇದಕ್ಕೆ ಲಿಂಚ್ ಸಿಂಡ್ರೋಮ್ ಅಂತಲೇ ಹೆಸರು. ಡಿಎನ್‌ಎ ನಕಲು ಮಾಡುವಾಗ ಆಗುವ ತಪ್ಪು ತಿದ್ದುವ ಜೀನ್ ಒಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಾವು ಮೂರು, ಎರಡು, ಒಂದು ಅಂತ ಎಣಿಸುತ್ತೇವೆ. ಹತ್ತಿರದ ಸಂಬಂಧದ ಮೂರು ಜನ, ಎರಡು ತಲೆಮಾರು, ಅದರಲ್ಲಿ ಒಬ್ಬರಿಗಾದರೂ 50ರ ಒಳಗೆ. ಅಜ್ಜ, ಅಪ್ಪ, ಅತ್ತೆ. ನಿಮ್ಮ ಮನೆಯ ಲೆಕ್ಕ ಇದಕ್ಕೆ ಸರಿಯಾಗಿ ಕೂರುತ್ತದೆ. ಪರೀಕ್ಷೆ ಮೊದಲು ಅಪ್ಪನಿಗೆ ಆಗಬೇಕು, ಯಾಕೆಂದರೆ ಕಾಯಿಲೆ ಬಂದದ್ದು ಅವರಿಗೆ. ಆಗ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕಾಪಾಡಿಟ್ಟ ಬ್ಲಾಕ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ರಕ್ತ ಸಾಕು. ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಚಾರಿಸಿ.

ಈಗ ಆಸ್ಪಿರಿನ್‌ಗೆ ಬರುತ್ತೇನೆ. ಲಿಂಚ್ ಇರುವವರ ಮೇಲೆ ಇಂಗ್ಲೆಂಡಿನ ಜಾನ್ ಬರ್ನ್ ತಂಡ ಹಲವು ದೇಶಗಳಲ್ಲಿ ಪ್ರಯೋಗ ಮಾಡಿತು. 861 ಜನ. ಆಸ್ಪಿರಿನ್ ಗುಂಪಿಗೆ ದಿನಾ 600 ಮಿಲಿಗ್ರಾಂ, ಸರಾಸರಿ ಎರಡು ವರ್ಷ. ಮೊದಲಿಗೆ ಏನೂ ವ್ಯತ್ಯಾಸ ಇಲ್ಲ. ವರ್ಷಗಳು ಕಳೆದ ಮೇಲೆ ಎರಡು ಗುಂಪಿನ ನಡುವೆ ವ್ಯತ್ಯಾಸ ಕಂಡಿತು. 2020ರ ವರದಿಯಲ್ಲಿ ಆಸ್ಪಿರಿನ್ ತಗೊಂಡ 427 ಜನರಲ್ಲಿ 40 ಮಂದಿಗೆ ಕರುಳಿನ ಕ್ಯಾನ್ಸರ್, ಖಾಲಿ ಮಾತ್ರೆಯ 434 ಜನರಲ್ಲಿ 58 ಮಂದಿಗೆ. ಬ್ರಿಟನ್ನಿನ ಮಾರ್ಗಸೂಚಿ ಆ ವರ್ಷದಿಂದ ಲಿಂಚ್ ಇರುವವರಿಗೆ ಆಸ್ಪಿರಿನ್ ಯೋಚಿಸಿ ಅನ್ನುತ್ತದೆ. ಎಷ್ಟು ಡೋಸ್ ಸಾಕು ಅನ್ನುವುದನ್ನು ಕಾಪ್3 ಅನ್ನುವ ಮುಂದಿನ ಪ್ರಯೋಗದಲ್ಲಿ ಹೋಲಿಸಿ ನೋಡಿದ್ದಾರೆ.

ಹಾಗಾಗಿ ತಮ್ಮ ಹಿಡಿದ ಎಳೆ ಸುಳ್ಳಲ್ಲ. ಅಪಾಯ ಜಾಸ್ತಿ ಇರುವವರಿಗೆ, ಹೊಟ್ಟೆ ಪರೀಕ್ಷೆ ಮಾಡಿ, ಬ್ಯಾಕ್ಟೀರಿಯಾ ತೆಗೆದು, ಡಾಕ್ಟರ ನಿಗಾದಲ್ಲಿ ಕೊಡುವ ಮದ್ದನ್ನು ಆ ಮೆಸೇಜು ಊರಿಗೆಲ್ಲ ಹಂಚಿತು. ಅಮೆರಿಕದಲ್ಲೂ 2016ರಲ್ಲಿ 50ರ ಹರೆಯದ, ಹೃದಯದ ಅಪಾಯ ಇರುವವರಿಗೆ ಆಸ್ಪಿರಿನ್ ಹೇಳಿದ್ದರು, ಕರುಳಿನ ಕ್ಯಾನ್ಸರ್ ಕಾರಣವನ್ನೂ ಸೇರಿಸಿ. 2022ರಲ್ಲಿ ಕ್ಯಾನ್ಸರ್‌ಗೆ ಸಾಕ್ಷ್ಯ ಸಾಲದು ಅಂತ ಆ ಮಾತನ್ನು ಹಿಂದೆಗೆದುಕೊಂಡರು.

ಎಷ್ಟೇ ಆಸ್ಪಿರಿನ್ ತಗೊಂಡರೂ ಲಿಂಚ್ ಇರುವವರಿಗೆ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ, ತಪ್ಪುವುದಿಲ್ಲ. ಸಾಮಾನ್ಯವಾಗಿ 25 ವರ್ಷದಿಂದ, ಒಂದೆರಡು ವರ್ಷಕ್ಕೊಮ್ಮೆ.

ಹುಬ್ಬಳ್ಳಿ ಔಷಧಿ ಅಂಗಡಿ | ಗುರುವಾರ ರಾತ್ರಿ

ಡಾಕ್ಟರು ಹೇಳಿದ ಮೇಲೆ ಒಂದು ನೆನಪಾಯಿತು. ರೊಫೆಕಾಕ್ಸಿಬ್ ಅಂತ ಒಂದು ನೋವಿನ ಮಾತ್ರೆ ಇತ್ತು, ಹೊಟ್ಟೆಗೆ ಹಗುರ ಅಂತ ಬಹಳ ಓಡುತ್ತಿತ್ತು. ಕರುಳಿನ ಗಂಟು ತಡೆಯುತ್ತದಾ ಅಂತ ಅಮೆರಿಕದ ಕಂಪನಿ ಪ್ರಯೋಗ ಮಾಡುತ್ತಿದ್ದಾಗಲೇ ಹೃದಯಾಘಾತ ಜಾಸ್ತಿಯಾಗಿದ್ದು ಬೆಳಕಿಗೆ ಬಂತು. 2004ರ ಸೆಪ್ಟೆಂಬರ್ ಕೊನೆಗೆ ಜಗತ್ತಿನಾದ್ಯಂತ ವಾಪಸ್ ತಗೊಂಡರು. ಅದೇ ವರ್ಷ ನಮ್ಮ ದೇಶದಲ್ಲೂ ನಿಷೇಧ ಆಯಿತು. ನನ್ನ ಕಪಾಟಿನಿಂದ ಡಬ್ಬಿಗಳನ್ನು ನಾನೇ ತೆಗೆದಿದ್ದೆ. ಕ್ಯಾನ್ಸರ್ ತಡೆಯಲು ಹೊರಟ ಮಾತ್ರೆ ಎದೆಗೆ ಕೈ ಹಾಕಿತು. ಆವತ್ತಿನಿಂದ ಚೀಟಿ ಇಲ್ಲದೆ ತಿಂಗಳಿಗಾಗುವಷ್ಟು ನೋವಿನ ಮಾತ್ರೆ ನಾನು ಕೊಡುವುದಿಲ್ಲ. ಪಕ್ಕದ ಅಂಗಡಿಗೆ ಹೋಗ್ತಾರೆ, ಹೋಗಲಿ.

ಮಳೆಗಾಲ ಬೇರೆ. ಜ್ವರ ಬಂದಾಗ ಡೆಂಗಿ ಅಲ್ಲ ಅಂತ ಖಚಿತ ಆಗುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ಹೃದಯಕ್ಕೆ ಅಂತ ಬರೆದುಕೊಟ್ಟ ಆಸ್ಪಿರಿನ್ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಇದನ್ನು ಓದಿ ಯಾರೂ ಆ ತಪ್ಪು ಮಾಡಬೇಡಿ.

ಹನ್ನೊಂದು ವರ್ಷದ ಜೊತೆಗಾರ್ತಿ | ಶುಕ್ರವಾರ

ನನಗೆ ಅಲ್ಸರೇಟಿವ್ ಕೊಲೈಟಿಸ್ ಬಂದು 11 ವರ್ಷ. ದೊಡ್ಡ ಕರುಳಿನ ಒಳಪದರ ತನ್ನಷ್ಟಕ್ಕೆ ಕೆರಳುವ ಕಾಯಿಲೆ. ಉರಿಯೂತ ಅನ್ನುವ ಪದ ನನಗೆ ಪುಸ್ತಕದ್ದಲ್ಲ, ದಿನಕ್ಕೆ ಹದಿನೈದು ಸಲ ರಕ್ತ ಹೋಗಿದ್ದು. ಆರಾಮ ಅನ್ನಿಸಿದ ತಕ್ಷಣ ಈ ಕಾಯಿಲೆಗೆ ಕೊಡುವ ಮೆಸಲಮೈನ್ ಔಷಧಿ ನಿಲ್ಲಿಸಿ ಎರಡು ಸಲ ಒದ್ದಾಡಿದ್ದೇನೆ. ನನಗೆ ಐಬುಪ್ರೊಫೆನ್ ಥರದ ಮಾತ್ರೆ ತಗೋಬೇಡ ಅಂತ ಡಾಕ್ಟರು ಹೇಳಿದ್ದಾರೆ, ಅದರಿಂದ ಕರುಳು ಮತ್ತೆ ಕೆರಳಬಹುದು. ಉರಿಯೂತ ಇಳಿಸುವ ಮಾತ್ರೆಯೇ ಉರಿಯೂತ ತರುತ್ತದೆ ಅಂದರೆ ನಂಬೋಕೆ ಕಷ್ಟ ಅಲ್ವಾ? ನನಗೂ ಆಗಿತ್ತು.

ಎಂಟು ವರ್ಷ ಆದ ಮೇಲೆ ಕ್ಯಾನ್ಸರ್ ತಪಾಸಣೆಗೆ ಅಂತಲೇ ಕೊಲೊನೋಸ್ಕೋಪಿ ಶುರು ಮಾಡಿದರು. ತುಂಗೆಯ ದಡ ಅಕ್ಕಾ, ತಮ್ಮನಿಗೆ ಹೇಳಿ. ಹಿಂದಿನ ದಿನ ಕುಡಿಯುವ ಔಷಧಿ ಕಷ್ಟ. ಪರೀಕ್ಷೆ ಗೊತ್ತೇ ಆಗಲ್ಲ, ನಿದ್ದೆ ಬರಿಸುತ್ತಾರೆ.

ಮೆಲ್ಬರ್ನ್ ಕನ್ನಡಿಗ | ಶನಿವಾರ

ಡಾಕ್ಟ್ರೇ, ನನಗೊಂದು ಪ್ರಶ್ನೆ. ಕಾರಣ ತೆಗೆಯಬೇಕು ಅಂತೀರಿ, ಸರಿ. ಆದರೆ ಉರಿಯೂತವನ್ನೇ ನೇರ ತಡೆದರೆ ಕ್ಯಾನ್ಸರ್ ಇಳಿಯುತ್ತದೆ ಅನ್ನುವುದಕ್ಕೂ ಪುರಾವೆ ಇದೆಯಲ್ಲ? 2017ರ ಕ್ಯಾಂಟೋಸ್ ಪ್ರಯೋಗ?

ಕರುಳಿನ ಡಾಕ್ಟರ್ | ಶನಿವಾರ

ಒಳ್ಳೆಯ ಪ್ರಶ್ನೆ. ಹೃದಯಾಘಾತ ಆಗಿದ್ದ ಸುಮಾರು 10,000 ಜನರ ಮೇಲೆ ಕೆನಕಿನುಮ್ಯಾಬ್ ಅನ್ನುವ ಇಂಜೆಕ್ಷನ್ ಪರೀಕ್ಷಿಸಿದ ಪ್ರಯೋಗ ಅದು. ಉರಿಯೂತದ ಒಂದೇ ಒಂದು ಸಂದೇಶವನ್ನು, ಇಂಟರ್‌ಲ್ಯೂಕಿನ್ 1 ಬೀಟಾವನ್ನು, ಅದು ತಡೆಯುತ್ತದೆ. ಹೃದಯಕ್ಕೆ ಅಂತ ಮಾಡಿದ್ದು. ಆದರೆ ಅತಿ ಹೆಚ್ಚು ಡೋಸ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ 77ರಷ್ಟು ಕಡಿಮೆ ಕಂಡಿತು. ಓದಿದಾಗ ನನಗೂ ರೋಮಾಂಚನ ಆಗಿತ್ತು. ಜೊತೆಗೇ ಸೋಂಕಿನಿಂದ ಸತ್ತವರು ಹೆಚ್ಚಿದರು. ಆಮೇಲೆ ಶ್ವಾಸಕೋಶದ ಕ್ಯಾನ್ಸರ್ ಈಗಾಗಲೇ ಇದ್ದವರಿಗೆ ಚಿಕಿತ್ಸೆಯಾಗಿ ಕೊಟ್ಟು ನೋಡಿದ ಪ್ರಯೋಗಗಳು ಸೋತವು. ಉರಿಯೂತ ನಮ್ಮನ್ನು ಸೋಂಕಿನಿಂದ ಕಾಯುವ ಕೆಲಸವನ್ನೂ ಮಾಡುತ್ತದೆ, ಅದನ್ನು ಪೂರ್ತಿ ಮುಚ್ಚಿಹಾಕಲಾಗದು.

ಕ್ಯಾನ್ಸರ್ ಆದವರಲ್ಲೂ ಯಾರಿಗೆ ಅಂತ ಹುಡುಕಿ ಕೊಟ್ಟರೆ ಫಲ ಇದೆ. 2025ರಲ್ಲಿ ವರದಿಯಾದ ಪ್ರಯೋಗದಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್‌ನ ವೈದ್ಯರು ಕರುಳಿನ ಗಡ್ಡೆಯಲ್ಲಿ ಪಿಐಕೆ3ಸಿಎ ಎಂಬ ಜೀನ್ ಅಥವಾ ಅದರ ಜೊತೆ ಕೆಲಸ ಮಾಡುವ ಜೀನ್ ಬದಲಾದವರಿಗೆ ಮಾತ್ರ ದಿನಾ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಕ್ಯಾನ್ಸರ್ ಮರಳಿ ಬರುವುದು ಸುಮಾರು ಅರ್ಧಕ್ಕಿಳಿಯಿತು. ಸ್ತನ ಕ್ಯಾನ್ಸರ್ ಆದವರಲ್ಲಿ ಮಾಡಿದ ಅಮೆರಿಕದ ಪ್ರಯೋಗದಲ್ಲಿ ಏನೂ ಫಲ ಕಾಣಲಿಲ್ಲ. ಬ್ರಿಟನ್, ಐರ್ಲೆಂಡ್ ಜೊತೆ ನಮ್ಮ ದೇಶದ ರೋಗಿಗಳೂ ಸೇರಿರುವ ಆ್ಯಡ್-ಆಸ್ಪಿರಿನ್ ಪ್ರಯೋಗದಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಇದೆ. ನಾನು ಅದರ ಕಡೆ ಕಣ್ಣಿಟ್ಟು ಕೂತಿದ್ದೇನೆ.

ತುಂಗೆಯ ದಡ | ಮೂರು ತಿಂಗಳ ನಂತರ

ಎಲ್ಲರೂ ವಿಚಾರಿಸಿದ್ದಿರಿ, ಬರೆಯೋಕೆ ಆಗಿರಲಿಲ್ಲ. ಕ್ಷಮಿಸಿ.

ಅಪ್ಪನ ಬ್ಲಾಕ್ ಸಿಗಲಿಲ್ಲ. ರಕ್ತ ಕೊಟ್ಟರು. ಎಂಎಲ್‌ಹೆಚ್1 ಅನ್ನುವ ಜೀನ್‌ನಲ್ಲಿ ದೋಷ ಇದೆ ಅಂತ ಬಂತು. ಲಿಂಚ್ ಸಿಂಡ್ರೋಮೇ. ಆಮೇಲೆ ನಾವಿಬ್ಬರೂ ಕೊಟ್ಟೆವು. ತಮ್ಮನಿಗೆ ಇದೆ, ನನಗೆ ಇಲ್ಲ. ಇಲ್ಲ ಅಂತ ಹೇಳಿದಾಗ ನನಗೆ ಖುಷಿಯಾಗಲಿಲ್ಲ, ಅವನ ಮುಖ ನೋಡೋಕೆ ಆಗಲಿಲ್ಲ. ಅವನೇ ನನ್ನ ಕೈ ಹಿಡಿದು "ಮಕ್ಕಳಿರೋದು ನಿನಗೆ ಅಲ್ವಾ, ಒಳ್ಳೇದಾಯ್ತು ಬಿಡು" ಅಂದ.

ಕೊಲೊನೋಸ್ಕೋಪಿಯಲ್ಲಿ ಬಲಗಡೆ ಎರಡು ಪಾಲಿಪ್ (ಸಣ್ಣ ಗಂಟು) ಇದ್ದವು. ಅಲ್ಲೇ ತೆಗೆದರು. ಎರಡರಲ್ಲೂ ಕ್ಯಾನ್ಸರ್ ಇಲ್ಲ. ಬ್ಯಾಕ್ಟೀರಿಯಾ ಹೋಗಿದೆ ಅಂತ ಉಸಿರಿನ ಪರೀಕ್ಷೆಯಲ್ಲಿ ಗೊತ್ತಾಯಿತು. ಹುಣ್ಣು ಪೂರ್ತಿ ಮಾಗಿದ ಮೇಲೆ, ಹೊಟ್ಟೆ ಕಾಯುವ ಮಾತ್ರೆ ಜೊತೆ ಕಡಿಮೆ ಡೋಸ್ ಆಸ್ಪಿರಿನ್ ಕೊಡಬಹುದಾ ಅಂತ ಮುಂದಿನ ತಿಂಗಳು ತೀರ್ಮಾನ ಮಾಡ್ತಾರೆ. ಈ ಸಲ ಡಾಕ್ಟರು ಹೇಳಿದರೆ ಮಾತ್ರ.

ಹುಬ್ಬಳ್ಳಿ ಅಣ್ಣಾ, ಅಮ್ಮನ ಕ್ರಿಯೇಟಿನಿನ್ 1.6 ಇತ್ತು. ನೋವಿನ ಮಾತ್ರೆ ನಿಲ್ಲಿಸಿ ಈಗ 1.2ಕ್ಕೆ ಇಳಿದಿದೆ. ಮಂಡಿಗೆ ವ್ಯಾಯಾಮ ಮಾಡಿಸ್ತಿದ್ದೇವೆ, ತೀರಾ ನೋವಾದರೆ ಪ್ಯಾರಾಸಿಟಮಾಲ್.

ಅತ್ತೆಯ ಮಗಳು ದಾವಣಗೆರೆಯಲ್ಲಿದ್ದಾಳೆ, 29 ವರ್ಷ. ಮೊದಲು ಫೋನ್ ಎತ್ತುತ್ತಿರಲಿಲ್ಲ. ಮೊನ್ನೆ ಅವಳೇ ಮಾಡಿ, "ಅಮ್ಮನಿಗೆ ಇದು ಮೊದಲೇ ಗೊತ್ತಿದ್ದರೆ ಉಳೀತಿದ್ಳಾ ಅಕ್ಕಾ?" ಅಂತ ಕೇಳಿದಳು. ಇಬ್ಬರೂ ಅತ್ತೆವು. ಗುರುವಾರ ರಕ್ತ ಕೊಡೋಕೆ ಒಪ್ಪಿದ್ದಾಳೆ. ಬುಧವಾರ ಸಂಜೆ ಬಸ್ಸಿಗೆ ನಾನು ದಾವಣಗೆರೆಗೆ ಹೋಗ್ತಿದ್ದೇನೆ, ಅವಳ ಜೊತೆಗೆ.